ಮಾತಾಡದ ರಾಣಿ

ಬಾಡ ಎಂಬ ಊರಿನ ಕಡಲ ದಂಡೆಯ ಆ ಮನೆಯಲ್ಲಿ ಜಗಳಕ್ಕೂ ಒಂದು ಕಾಲ ಅಂತ ಇತ್ತು. ದೋಣಿ ನೀರಿಗಿಳಿಯುವ ತಿಂಗಳುಗಳಲ್ಲಿ ಯಾರೂ ಯಾರಿಗೂ ಎದುರಾಡುವ ಹಾಗಿಲ್ಲ. ಕಡಲಿಗೆ ಹೋಗುವವನ ಬೆನ್ನಿಗೆ ‘ಬೇಡ’ ಎಂಬ ಮಾತು ಬೀಳಬಾರದು ಎಂಬುದು ಅಜ್ಜಿ ಈರಮ್ಮನ ಅತ್ತೆಯ ಕಾಲದಿಂದ ನಡೆದುಬಂದ ಕಟ್ಟಳೆ. ದೋಣಿಯವನು ಏನು ಕೇಳಿದರೂ ‘ಆತು’ ಅನ್ನಬೇಕು. ಮಾಡು ಸೋರಿದರೂ ಆತು, ಮಗಳ ಕಾಲೇಜಿನ ಫೀಸು ಮರೆತರೂ ಆತು. ಹಾಗಂತ ಹೊಟ್ಟೆಯಲ್ಲಿ ಇಟ್ಟುಕೊಂಡದ್ದು ಕರಗಿ ಹೋಗುತ್ತದೆಯೇ? ಜೂನ್ ತಿಂಗಳಲ್ಲಿ ಮೀನುಗಾರಿಕೆ ಬಂದ್ ಆಗಿ, ದೋಣಿಯನ್ನು ದಡಕ್ಕೆಳೆದು ತೆಂಗಿನ ಮಡಲು ಹೊದಿಸಿದ ಮರುದಿನವೇ ಎಲ್ಲರ ಬಾಯಿಯ ಕಟ್ಟು ಬಿಚ್ಚುತ್ತಿತ್ತು. ವರ್ಷವಿಡೀ ನುಂಗಿಕೊಂಡದ್ದನ್ನೆಲ್ಲ ಒಂದೊಂದಾಗಿ ಹೊರಗೆ ಹಾಕಿ, ಬೈದಾಡಿ, ಅತ್ತು, ಒಟ್ಟಿಗೆ ಗಂಜಿ ಉಂಡು ಮಲಗುತ್ತಿದ್ದರು. ಕೇರಿಯವರು ಮೋಡ ನೋಡುತ್ತಿರಲಿಲ್ಲ. ಶಿವನ ಮನೆಯಿಂದ ಗಲಾಟೆ ಕೇಳಿದರೆ ಮಳೆಗಾಲ ಕೂತಿತು ಎಂದು ಲೆಕ್ಕ ಹಾಕುತ್ತಿದ್ದರು.

ಈ ವರ್ಷ ಮಳೆ ಬಂತು, ಜಗಳ ಬರಲಿಲ್ಲ.

ಆ ಮನೆಯ ಯಜಮಾನಿಕೆ ಇಬ್ಬರದು. ಈರಮ್ಮನ ಮಗ ಶಿವ ಮತ್ತು ಅವನ ಅಕ್ಕ ದೇವಿ. ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದ ದೇವಿ, ತಮ್ಮ ಇನ್ನೂ ಶಾಲೆಗೆ ಹೋಗುತ್ತಿದ್ದಾಗ ಮೀನುಬುಟ್ಟಿ ತಲೆಗೇರಿಸಿದವಳು. ಅವತ್ತಿನಿಂದ ನೀರಿನ ಮೇಲಿನದು ತಮ್ಮನದು, ದಡದ ಮೇಲಿನದು ಅಕ್ಕನದು. ಯಾವ ಬಲೆ, ಯಾವ ದಿಕ್ಕು ಎಂಬುದಕ್ಕೆ ಅವಳು ಬಾಯಿ ಹಾಕಳು. ಎಷ್ಟು ಮಾರುವುದು, ಎಷ್ಟು ಒಣಗಿಸುವುದು, ಧಾರೇಶ್ವರದ ಯಾವ ಮನೆಗೆ ಮೊದಲು ಹೋಗುವುದು ಎಂಬುದಕ್ಕೆ ಅವನು ತಲೆ ಹಾಕ. ಶಿವನ ಹೆಂಡತಿ ರೂಪಾ ಇವರಿಬ್ಬರ ನಡುವೆ ಒಲೆ ನೋಡಿಕೊಂಡು, ಇಬ್ಬರನ್ನೂ ನೋಡಿಕೊಂಡು, ನೆಮ್ಮದಿಯಾಗಿಯೇ ಇದ್ದಳು.

ಸುಚಿತಾ ಶಿವನ ಮಗಳು. ಹೊನ್ನಾವರದ ಕಾಲೇಜಿನಲ್ಲಿ ನಾಟಕ ಬರೆದು ಹೆಸರು ಮಾಡಿದವಳಿಗೆ ಹುಬ್ಬಳ್ಳಿಯ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಸಿಕ್ಕಿತ್ತು. ಮೊಬೈಲಿನಲ್ಲಿ ಆಡುವ ವಿಡಿಯೋ ಗೇಮಿಗೆ ಕಥೆ, ಮಾತು ಬರೆಯುವ ಕೆಲಸ. ಮನೆಯಲ್ಲೇ ಕೂತು ಮಾಡಬಹುದು. ಸಿಗ್ನಲ್ ಮಾತ್ರ ಬಚ್ಚಲ ಹಿಂದಿನ ಕಟ್ಟೆಯ ಮೇಲೆಯೇ ಸಿಗುತ್ತಿದ್ದುದರಿಂದ ಅಜ್ಜಿಯ ಬಾಯಲ್ಲಿ ಅದು ‘ಬಚ್ಚಲ ಆಫೀಸು’ ಆಗಿತ್ತು. ಗೇಮಿನ ಕಥೆ ಒಂದು ಮಾಯಾದ್ವೀಪದ್ದು. ಅಲ್ಲಿ ಎರಡು ಸಿಂಹಾಸನ. ಒಂದರಲ್ಲಿ ತಮ್ಮ ವಜ್ರಸೇನ, ಇನ್ನೊಂದರಲ್ಲಿ ಅಕ್ಕ ವಾರಿಜೆ. ಇಬ್ಬರಿಗೂ ಸಮನಾದ ಅಧಿಕಾರ ಎಂದು ಗೇಮು ತೆರೆದ ಕೂಡಲೇ ದೊಡ್ಡ ಅಕ್ಷರದಲ್ಲಿ ಬರುತ್ತಿತ್ತು. ಆಡುವವನು ರಾಜನಾಗಿ ಹಡಗು ಹತ್ತಬೇಕು, ದ್ವೀಪ ಉಳಿಸಬೇಕು.

ಜೂನ್ ಎರಡನೇ ವಾರ ಕಂಪನಿಯ ಕೃಷ್ಣಾನಂದ ಫೋನು ಮಾಡಿದ. ಒಂದಿಷ್ಟು ಕಾಲೇಜು ಹುಡುಗರನ್ನು ಕೂರಿಸಿ ಗೇಮು ಆಡಿಸಿ ನೋಡಿದ್ದರಂತೆ.

“ರಾಜಾ ಭಾಳ ಚೊಲೋ ಬಂದಾನ್ರೀ ಸುಚಿತಾ. ಸಿಟ್ಟು ಐತಿ, ನಗು ಐತಿ, ತಪ್ಪೂ ಮಾಡ್ತಾನ. ಆದ್ರ ರಾಣಿ ಯಾಕ ಇದ್ದಾಳ?”

“ಯಾಕೆ ಅಂದ್ರೆ? ಅವಳೂ ಆಳ್ತಾಳಲ್ಲ ಸರ್.”

“ಎಲ್ಲಿ ಆಳ್ತಾಳ್ರೀ? ಇಡೀ ಗೇಮಿನಾಗ ‘ಹಾಗೇ ಆಗಲಿ, ತಮ್ಮ’ ಅಂತ ಹನ್ನೊಂದು ಸರ್ತಿ ಅಂತಾಳ. ಹುಡುಗೂರು ಆಕಿಗೆ ‘ಗಣಪತಿ ಪಕ್ಕದ ಇಲಿ’ ಅಂತ ಹೆಸರಿಟ್ಟಾರ. ನೋಡ್ರಿ, ಜುಲೈ ಮುಗಿಯೂದ್ರಾಗ ಆಕೀನ್ನ ಸರಿ ಮಾಡ್ರಿ. ಆಗ್ಲಿಲ್ಲಂದ್ರ ಒಂದ ಸಿಂಹಾಸನ ಇಡೂದು. ಆಮ್ಯಾಲ ಕಥಿ ಬ್ಯಾರೆಯವರ ಕೈಗೆ ಕೊಡಬೇಕಾಗ್ತದ.”

ಸುಚಿತಾ ಫೋನು ಹಿಡಿದು ಕಟ್ಟೆಯ ಮೇಲೆಯೇ ಕೂತಳು. ಎರಡು ವರ್ಷ ಹೊಟ್ಟೆಗಿಟ್ಟುಕೊಂಡು ಬರೆದ ಕಥೆ. ರಾಣಿ ಹೋದರೆ ಕಥೆ ಹೋಯಿತು, ಕಥೆ ಹೋದರೆ ತಾನೂ ಹೋದ ಹಾಗೆ. ಅಳು ಬಂತು. ಬಚ್ಚಲಿಗೆ ಹೋಗಿ ಮುಖ ತೊಳೆದು ಬಂದಳು.

ಮಧ್ಯಾಹ್ನ ಊಟಕ್ಕೆ ಒಣಶೆಟ್ಲಿ ಎಂಬ ಒಣಸಿಗಡಿಯ ಚಟ್ನಿ, ಮುರುಗಲ ಹುಳಿಯ ಸಾರು. ಅಣ್ಣ ರಾಜೀವ ಅಪ್ಪನ ಜೊತೆ ದೋಣಿಗೆ ಹೋಗುವವನು. ಮಳೆಗಾಲದಲ್ಲಿ ಅವನಿಗೆ ಮೊಬೈಲೇ ಕಡಲು. ಗೇಮು ಅವನೂ ಆಡಿ ನೋಡಿದ್ದ.

“ಹುಬ್ಬಳ್ಳಿಯವ್ರು ಹೇಳಿದ್ದು ಸುಳ್ಳೆಂತ ಅಲ್ಲ ತಂಗಿ. ರಾಜ ಹಡಗು ಹತ್ತುವಾಗೆಲ್ಲ ಆ ರಾಣಿ ಬಂದರದ ದಕ್ಕೆ ಮೇಲೆ ಬಂದು ನಿಂತದೆ, ಹಾಂಗೇ ಆಗ್ಲಿ ಅಂತದೆ. ಅದರ ಬದ್ಲಿಗೆ ಒಂದು ಕಂಬ ನಿಲ್ಸಿದ್ರೂ ಆತಿತ್ತು.”

“ಕಂಬ ಎಂತಕ್ಕೆ? ನಿನ್ನೇ ನಿಲ್ಸ್ತೆ,” ಎಂದಳು ಸುಚಿತಾ.

ಈರಮ್ಮ ನಕ್ಕಳು. ರೂಪಾಳೂ ನಕ್ಕಳು. ಶಿವ ನಗಲಿಲ್ಲ, ತುತ್ತು ಕೈಯಲ್ಲೇ ಹಿಡಿದು ಅಕ್ಕನ ಕಡೆ ನೋಡುತ್ತಿದ್ದ. ದೇವಿ ತಟ್ಟೆ ನೋಡುತ್ತಿದ್ದಳು. ಉಂಡದ್ದಾದ ಮೇಲೆ ತಟ್ಟೆ ತೊಳೆದು, ಖಾಲಿ ಬುಟ್ಟಿಯನ್ನು ಒರೆಸಿ, ಮತ್ತೆ ಅಲ್ಲೇ ಇಟ್ಟಳು. ನಿನ್ನೆಯೂ ಅದನ್ನೇ ಮಾಡಿದ್ದಳು.

ಅಡುಗೆಮನೆಯಲ್ಲಿ ರೂಪಾ ಮಗಳ ಕಿವಿಯ ಹತ್ತಿರ ಪಿಸುಗುಟ್ಟಿದಳು. “ನಿನ್ ಅತ್ತೆ ಇನ್ನೂ ಬಾಯಿ ಬಿಡ್ಲಿಲ್ಲ. ದೋಣಿ ದಡದ ಮೇಲೆ ಹಾಕಿ ಎಷ್ಟು ದಿನ ಆತು! ನಂಗೆ ಹೆದ್ರಿಕೆ ಆತದೆ ಮಾರಾಯ್ತಿ.”

“ತದಡಿ ವಿಷಯಕ್ಕಾ ಆಯಿ?”

“ಮತ್ತೆಂತಕ್ಕೆ?”

ತದಡಿಯ ಶನಿಯಾರ ಎಂಬವನು ದೊಡ್ಡ ಬೋಟು ಮಾಡುತ್ತಿದ್ದ. ಪಾಲಿಗೆ ಬಾ ಎಂದು ಶಿವನನ್ನು ಕರೆದಿದ್ದ. ಸಣ್ಣ ದೋಣಿ ಮಾರಿ ದೊಡ್ಡದರಲ್ಲಿ ಪಾಲು ಹಾಕುವುದು. ರಾಜೀವನಿಗೆ ಅದೇ ಕನಸು. ಆದರೆ ದೊಡ್ಡ ಬೋಟಿನ ಮೀನು ಬಂದರಿನಲ್ಲೇ ಹರಾಜಾಗಿ ಐಸಿನ ಲಾರಿ ಹತ್ತುತ್ತದೆ. ದೇವಿಯ ಬುಟ್ಟಿಗೆ ಒಂದು ಬಂಗಡೆಯೂ ಬೀಳುವುದಿಲ್ಲ. ಶಿವ ಏಪ್ರಿಲ್‌ನಲ್ಲಿ ಒಂದು ಬೆಳಗ್ಗೆ ದೋಣಿ ನೂಕುತ್ತ, ಮೊಣಕಾಲುದ್ದ ನೀರಲ್ಲಿ ನಿಂತು, “ಅಕ್ಕಾ, ತದಡಿಯವ್ರಿಗೆ ಹೂಂ ಅನ್ಲಾ?” ಎಂದು ಕೇಳಿದ್ದ. ದಡದಲ್ಲಿದ್ದ ದೇವಿ, “ಆತು” ಎಂದಿದ್ದಳು. ಅಷ್ಟೇ. ದೋಣಿ ಮತ್ತೆ ನೀರಿಗಿಳಿಯುವ ನೂಲ ಹುಣ್ಣಿಮೆಯೊಳಗೆ ಶನಿಯಾರನಿಗೆ ಕೊನೆ ಮಾತು ಹೇಳಬೇಕಿತ್ತು.

ಸುಚಿತಾ ತನ್ನ ರಾಣಿಯ ತಲೆಬಿಸಿಯಲ್ಲಿದ್ದಳು, ಅತ್ತೆಯದನ್ನು ಅಷ್ಟಕ್ಕೇ ಬಿಟ್ಟಳು. ಒಂದು ವಾರ ಕಟ್ಟೆ ಬಿಟ್ಟೇಳದೆ ಬರೆದಳು. ವಾರಿಜೆಗೆ ಕತ್ತಿ ಕೊಟ್ಟಳು, ಕುದುರೆ ಕೊಟ್ಟಳು, ಪುಟಗಟ್ಟಲೆ ಮಾತು ಕೊಟ್ಟಳು. ರಾಣಿ ಸಭೆಯಲ್ಲಿ ಗುಡುಗಿದಳು, ಹಡಗುಕಟ್ಟೆಯಲ್ಲಿ ಗುಡುಗಿದಳು, ತೊಟ್ಟಿಲ ಕೂಸಿನ ಎದುರಿಗೂ ಗುಡುಗಿದಳು. ಅವಳು ಓದಿ ಹೇಳಿದ್ದನ್ನು ಅಡಕೆ ಕುಟ್ಟುತ್ತ ಕೇಳಿದ ಅಜ್ಜಿ, “ಎಂತಕ್ಕೆ ಹೀಂಗೆ ಕೂಗ್ತದೆ ಅದು? ಆಚೆ ದಡದವ್ರನ್ನ ಕರೀತದ್ಯಾ?” ಎಂದಳು. ಅಜ್ಜಿಗೆ ಗೇಮು ಏನು ಗೊತ್ತು ಎಂದುಕೊಂಡು ಸುಚಿತಾ ಹುಬ್ಬಳ್ಳಿಗೆ ಕಳಿಸಿದಳು.

“ಈಗ ರಾಜಾ ಹೋದ್ನಲ್ರೀ,” ಎಂದ ಕೃಷ್ಣಾನಂದ. “ಆಕಿ ಒದರೂದು, ಇಂವಾ ಹೂಂ ಅನ್ನೂದು. ತಕ್ಕಡಿ ಆ ಕಡಿಯಿಂದ ಈ ಕಡಿಗೆ ಬಿತ್ತು, ಅಷ್ಟ. ಇಬ್ಬರೂ ಆಳಬೇಕ್ರೀ. ಒಬ್ಬರು ಆಳಿ ಒಬ್ಬರು ಹೂಂ ಅಂದ್ರ ಎರಡು ಸಿಂಹಾಸನ ಯಾಕ?”

ಅವನು ಹೇಳಿದ್ದು ಸರಿಯಾಗಿಯೇ ಇತ್ತು, ಸಿಟ್ಟು ಬಂದದ್ದು ಅದಕ್ಕೇ. ಆ ದಿನ ಸುಚಿತಾ ಮನೆಯಲ್ಲಿ ಎಲ್ಲರ ಮೇಲೂ ಸಿಡುಕಿದಳು. ರಾಜೀವ ಚಾರ್ಜರ್ ಕೇಳಿದ್ದಕ್ಕೆ ಬೈದಳು. ಈರಮ್ಮನ ಮುಖ ಅರಳಿತು.

“ಅಬ್ಬ! ಈ ಮನೇಲಿ ಒಬ್ರಾದ್ರೂ ಜಗಳ ಶುರು ಮಾಡಿದ್ರಲ್ಲ!”

ಆದರೆ ಅದು ಯಾರಿಗೂ ಅಂಟಲಿಲ್ಲ. ಜುಲೈ ಬಂತು. ಶಿವ ಅರ್ಧ ಊಟಕ್ಕೆ ಏಳತೊಡಗಿದ. ದೇವಿಯನ್ನು ಹೇಗಾದರೂ ಕೆಣಕಬೇಕೆಂದು ರೂಪಾ ಒಂದು ದಿನ ಬೇಕೆಂದೇ ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಬಾಯಿಗಿಟ್ಟ ರಾಜೀವ ಅಂಗಳಕ್ಕೆ ಓಡಿದ. ಶಿವ ಆಸೆಯಿಂದ ಅಕ್ಕನ ಕಡೆ ನೋಡಿದ. ಉಪ್ಪಿನ ವಿಷಯಕ್ಕೆ ಹಿಂದೊಮ್ಮೆ ಎರಡು ದಿನ ಜಗಳವಾಡಿದವಳು ದೇವಿ.

“ಉಪ್ಪು ಎಂತಾದ್ರೂ ಹೆಚ್ಚಾತಾ ಅತ್ತಿಗೆ?” ಎಂದು ರೂಪಾ ಕೇಳಿದಳು.

“ಇಲ್ಲ. ಆತು,” ಎಂದಳು ದೇವಿ. ಅಷ್ಟನ್ನೂ ಉಂಡೂ ಬಿಟ್ಟಳು.

ರೂಪಾ ಒಳಗೆ ಹೋಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಬೈಯದ ಅತ್ತಿಗೆಯ ಎದುರು ನಿಲ್ಲುವುದು ಇಷ್ಟು ಕಷ್ಟ ಎಂದು ಅವಳು ಎಣಿಸಿರಲೇ ಇಲ್ಲ.

ಆ ವಾರ ಮಳೆ ಸ್ವಲ್ಪ ಬಿಟ್ಟಿತು. ಮಿರ್ಜಾನ ಕಡೆಯಿಂದ ನೆಂಟರೊಬ್ಬರು ಹೊಳೆಯ ಬಳಚು ತಂದುಕೊಟ್ಟಿದ್ದರು. ಚಿಪ್ಪು ಬಿಡಿಸಲು ಎಲ್ಲರೂ ಹಿಂದಿನ ಚಾವಡಿಯಲ್ಲಿ ಕೂತರು. ಶಿವ ಬಾಗಿಲಾಚೆ ಜಗಲಿಯಲ್ಲಿ ಬಲೆ ನೇಯುತ್ತಿದ್ದ. ಹುಬ್ಬಳ್ಳಿಯವರು ಕೊಟ್ಟ ದಿನ ಹತ್ತಿರ ಬರುತ್ತಿತ್ತು, ಸುಚಿತಾಳಿಗೆ ಒಂದಕ್ಷರ ಹೊಳೆಯುತ್ತಿರಲಿಲ್ಲ. ನಾಚಿಕೆ ಬಿಟ್ಟು ಲ್ಯಾಪ್‌ಟಾಪ್ ತಂದು ನಡುವೆ ಇಟ್ಟಳು.

“ನಾ ಮೊದ್ಲು ಬರ್ದದ್ದು ಓದ್ತೆ. ರಾಣಿ ಎಂತ ಹೇಳ್ಬೇಕು ಅಂತ ನೀವೇ ಹೇಳಿ. ರಾಜ ಹಡಗು ಹತ್ತುವ ಜಾಗ ಇದು. ‘ಅಕ್ಕ, ಪಡುವಣ ಬಂದರನ್ನು ಪರದೇಶದ ವರ್ತಕರಿಗೆ ಒಪ್ಪಿಸುತ್ತಿದ್ದೇನೆ. ನಿನ್ನ ಒಪ್ಪಿಗೆ ಇದೆಯಷ್ಟೆ?’ ಅದಕ್ಕೆ ರಾಣಿ, ‘ಹಾಗೇ ಆಗಲಿ, ತಮ್ಮ.’”

“ಪೊರಕೆ ತಕಂಡು ನಾಕು ಬಾರ್ಸ್ಬೇಕು,” ಎಂದಳು ಈರಮ್ಮ.

“ಅರಮನೇಲಿ ಪೊರಕೆ ರಾಣಿ ಹತ್ರ ಇರೂದಿಲ್ಲ ಅಜ್ಜಿ,” ಎಂದ ರಾಜೀವ.

“ರಾಣಿ ಹೇಳಿದ್ದು ಸಮಾ ಅದೆ,” ಎಂದಳು ದೇವಿ.

ಎಲ್ಲರೂ ತಲೆಯೆತ್ತಿದರು. ಅಷ್ಟು ಉದ್ದದ ಮಾತು ಅವಳ ಬಾಯಿಂದ ಬಂದು ವಾರಗಳಾಗಿದ್ದವು.

“ಎಂತಕ್ಕೆ ಅತ್ತೆ?” ಎಂದಳು ಸುಚಿತಾ, ದನಿ ಸಣ್ಣ ಮಾಡಿ.

“ಅವ ಹಡಗಿಗೆ ಕಾಲಿಟ್ಟಾತಲ್ಲ. ಕಾಲಿಟ್ಟವನಿಗೆ ಬೇಡ ಅಂಬುದು ಹೇಂಗೆ? ಅದು ಹಾಂಗೇ ಹೇಳ್ಬೇಕು. ಆದ್ರೆ ಅವ ತಿರುಗಿ ದಡಕ್ಕೆ ಬಂದ್ನಲ್ಲ, ಆವಾಗ? ಅಕ್ಕ ಅಂತ ಒಂದು ಜೀವ ಅದೆ, ಅದರ ಹೊಟ್ಟೇಲಿ ಎಂತ ಅದೆ ಅಂತ ಇನ್ನೊಂದು ಸಲ ಕೇಳ್ವಾ ಅಂತ ಅವ್ನಿಗೆ ಆಗ್ಲಿಲ್ಲ. ಬಲೆ ನೇಯ್ಕಂತ ಕೂತ.”

ಸುಚಿತಾ ಲ್ಯಾಪ್‌ಟಾಪ್ ನೋಡಿದಳು. ವಜ್ರಸೇನ ಎಲ್ಲೂ ಬಲೆ ನೇಯ್ದಿರಲಿಲ್ಲ.

ಜಗಲಿಯಲ್ಲಿ ಬಲೆಯ ಸದ್ದು ನಿಂತಿತು. “ಅವ ಎಂತಕ್ಕೆ ಮತ್ತೆ ಕೇಳೂದು?” ಎಂದು ಶಿವನ ದನಿ ಬಂತು. “ಅಕ್ಕನಿಗೆ ಬಾಯಿಲ್ವಾ? ವರ್ಷ ವರ್ಷ ತೆರೀತಿತ್ತಲ್ಲ!”

“ನಾ ರಾಜನ ಸುದ್ದಿ ಹೇಳಿದ್ದು.”

“ನಾನೂ ರಾಜನ ಸುದ್ದಿನೇ ಹೇಳೂದು! ದೋಣಿ ಮೇಲೆ ಹಾಕಿದ ದಿನದಿಂದ ಕಾಯ್ತಿದ್ದಾನೆ ಪಾಪ, ಅಕ್ಕ ಇವತ್ತು ಬೈತದೆ, ನಾಳೆ ಬೈತದೆ ಅಂತ. ಉಂಡದ್ದು ಮೈಗೆ ಹತ್ತೂದಿಲ್ಲ ಅವ್ನಿಗೆ.”

“ರಾಜನಿಗೆ ದೋಣಿ ಎಲ್ಲಿಂದ ಬಂತು?” ಎಂದ ರಾಜೀವ.

ಶಿವ ಬಾಗಿಲಿಗೆ ಬಂದು ನಿಂತ. ದೇವಿ ಎದ್ದಳು, ಮಡಿಲ ಚಿಪ್ಪುಗಳೆಲ್ಲ ಚಾವಡಿ ತುಂಬ ಚೆಲ್ಲಿದವು.

“ಬುಟ್ಟಿ ಹೊರೂದು ನಂಗೆ ಸಾಕಾತು ಅಂತ ಆ ಶನಿಯಾರನ ಹತ್ರ ಹೇಳಿದ್ಯಂತೆ! ಪೇಟೇಲಿ ನಾಕು ಜನರ ಬಾಯಿಂದ ಕೇಳ್ದೆ ನಾನು. ಯಾರು ಹೇಳಿದ್ರು ನಿಂಗೆ, ಸಾಕಾತು ಅಂತ?”

“ನಿನ್ ಮೊಣಕಾಲು ಹೇಳ್ತು! ಮೆಟ್ಟಿಲು ಹತ್ತುವಾಗ ‘ಅಯ್ಯೋ’ ಅಂಬುದು ಕೇಳೂದಿಲ್ವಾ ನಂಗೆ?”

“ಮೊಣಕಾಲು ನಂದು! ಅಯ್ಯೋ ಅಂತ್ಲೂ ಹೇಳ್ತೆ, ಹತ್ತೂ ಹತ್ತುತೆ. ನಿನ್ನ ಹತ್ರ ನನ್ನ ಹೊತ್ಕಂಡು ಹೋಗು ಅಂತ ನಾ ಅಂದೆನಾ? ಧಾರೇಶ್ವರದ ಮನೆಮನೆಲಿ ದೇವಿ ಬಂತಾ ಅಂತ ಬಾಗ್ಲು ಕಾಯ್ತಾರೆ. ಮನೇಲಿ ಕೂತು ಎಂತ ಮಾಡ್ಲಿ ನಾನು, ಗೋಡೆ ನೋಡ್ಲಾ? ದೋಣಿ ನಿಂಗೊಬ್ಬನಿಗೇ ಅಂತ ಅಪ್ಪ ಬರ್ದಿಟ್ಟು ಹೋಗಿದ್ನಾ?”

“ಹಾಂಗಾದ್ರೆ ಏಪ್ರಿಲ್‌ಲಿ ಆತು ಅಂದದ್ದು ಎಂತಕ್ಕೆ?”

“ನೀರಲ್ಲಿ ನಿಂತು ಕೇಳಿದ್ರೆ ಬೇರೆ ಎಂತ ಹೇಳೂದು? ಮನೆ ಕಟ್ಟಳೆ ಗೊತ್ತಿಲ್ವಾ ನಿಂಗೆ?”

“ಗೊತ್ತಿದ್ದೇ ಮಳೆಗಾಲಕ್ಕೆ ಕಾದದ್ದು! ನೀ ತುಟಿ ಪಿಟಕ್ ಅನ್ಲಿಲ್ಲ. ಈ ಸಲದ್ದು ಖರೆ ‘ಆತು’ ಅಂದ್ಕಂಡೆ.”

“ನೀ ಕೇಳ್ತೆ ಅಂತ ನಾ ಕಾದೆ. ಕೇಳ್ಲಿಲ್ಲ. ಅಕ್ಕ ಬೇಡಾತು ಇವ್ನಿಗೆ, ಅಂದ್ಕಂಡೆ.”

ಶಿವ ಬಾಗಿಲ ಚೌಕಟ್ಟು ಹಿಡಿದುಕೊಂಡ. “ಅಂದ್ರೆ ನಿಂಗೆ ಬೇಡ್ವಾ ಅಕ್ಕಾ?”

“ಬೇಡ.”

“ದೊಡ್ಡ ಬೋಟು ಬೇಡ?”

“ಬೇಡ, ಬೇಡ, ಬೇಡ! ಸಾಕಾ?”

ಶಿವ ಹೊಸ್ತಿಲ ಮೇಲೆ ಕೂತ. ಹೆಗಲ ಮೇಲಿನ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಾನೇನೋ ಎಂದು ರೂಪಾ ಹತ್ತಿರ ಹೋದರೆ, ನಗುತ್ತಿದ್ದ. “ಅಯ್ಯ ದೇವ್ರೇ. ನಂಗೂ ಬೇಡಾಗಿತ್ತು. ಇನ್ನೊಬ್ಬನ ಬೋಟಲ್ಲಿ ಕೂತು ಅವ ಹೇಳಿದ ದಿಕ್ಕಿಗೆ ಹೋಗೂದು ನನ್ ಕೈಲಿ ಆಗೂದಾ? ನೀ ಬೇಡ ಹೇಳ್ತೆ, ಅದನ್ನೇ ಶನಿಯಾರನಿಗೆ ಹೇಳಿ ತಪ್ಪಿಸ್ಕಂಬಾ ಅಂತ ಇದ್ದೆ.”

“ಥೂ ನಿನ್ನ!” ಎಂದು ದೇವಿ ಕೈಗೆ ಸಿಕ್ಕ ಚಿಪ್ಪೊಂದನ್ನು ತಮ್ಮನ ಮೇಲೆ ಎಸೆದಳು. ಆಮೇಲೆ ಶುರುವಾಯಿತು ನೋಡಿ. ಸಾರಿನ ಉಪ್ಪಿನಿಂದ ಹಿಡಿದು ಹೋದ ದೀಪಾವಳಿಯ ಸೀರೆಯ ತನಕ, ತಡೆದು ನಿಲ್ಲಿಸಿದ ಅಷ್ಟೂ ಜಗಳ ಒಟ್ಟಿಗೆ ಬಂತು. ಪಕ್ಕದ ಮನೆಯವರು ಬೇಲಿಯ ಹತ್ತಿರ ಬಂದು, ಕೇಳಿ, ಸಮಾಧಾನದಿಂದ ಒಳಗೆ ಹೋದರು. ಈರಮ್ಮ ಗೋಡೆಗೊರಗಿ ಕಾಲು ಚಾಚಿದಳು.

“ರೂಪಾ, ಇನ್ನೊಂದು ಪಾವು ಅಕ್ಕಿ ಹಾಕು. ಇವತ್ತು ಎಲ್ಲರೂ ಉಣ್ತಾರೆ.”

ಬಳಚಿನ ಸುಕ್ಕ ಬಡಿಸಿ ಎಲ್ಲರೂ ಕೂತಾಗ ರಾಜೀವ ಮಾತ್ರ ಮುಖ ಊದಿಸಿಕೊಂಡಿದ್ದ. “ನಂಗೆ ಬೇಕಿತ್ತು ದೊಡ್ಡ ಬೋಟು. ನನ್ನ ಯಾರೂ ಕೇಳ್ಲಿಲ್ಲ,” ಎಂದ.

ದೇವಿ ಅವನ ತಟ್ಟೆಗೆ ಇನ್ನೊಂದು ಸೌಟು ಸುಕ್ಕ ಬಡಿಸಿದಳು.

“ಅದೂ ಹೌದು,” ಎಂದಳು ದೇವಿ. “ನಿನ್ ಜಗಳ ನಾಳೆ ಆಡ್ವಾ ತಮಾ. ಇವತ್ತು ಗಂಟಲು ಬಿದ್ದದೆ.”

ಅವನ ಜಗಳ ಮೂರು ದಿನ ನಡೆಯಿತು. ಕೊನೆಗೆ, ಪಾಲು ಬೇಡ, ಈ ವರ್ಷ ಶನಿಯಾರನ ಬೋಟಿಗೆ ಕೆಲಸಕ್ಕೆ ಹೋಗಿ ನೋಡಲಿ ಎಂದಾಯಿತು. ಅವನಿಗೆ ಪೂರ್ತಿ ಖುಷಿಯೇನೂ ಆಗಲಿಲ್ಲ, ಆದರೆ ಊಟ ಬಿಡಲಿಲ್ಲ.

ಸುಚಿತಾ ಆ ದಿನ ಕೈ ಕೂಡ ಸರಿಯಾಗಿ ತೊಳೆಯದೆ ಬಚ್ಚಲ ಕಟ್ಟೆಗೆ ಓಡಿದ್ದಳು. ಬೆರಳಿಗೆ ಇನ್ನೂ ಬಳಚಿನ ವಾಸನೆ. ಕತ್ತಿ, ಕುದುರೆ, ಗುಡುಗು ಎಲ್ಲ ತೆಗೆದು ಹಾಕಿದಳು. ‘ಹಾಗೇ ಆಗಲಿ, ತಮ್ಮ’ ಎಂಬ ಮಾತನ್ನು ಹಾಗೇ ಇಟ್ಟಳು. ಆದರೆ ಅದಕ್ಕಿಂತ ಮೊದಲು ದ್ವೀಪಕ್ಕೆ ಒಂದು ಕಟ್ಟಳೆ ಬರೆದಳು: ಹಡಗಿಗೆ ಕಾಲಿಟ್ಟವರಿಗೆ ಯಾರೂ ಬೇಡ ಎನ್ನಬಾರದು. ಹಡಗು ತಿರುಗಿ ದಡ ಮುಟ್ಟಿದ ಮೇಲೆ ಆಡುವವನ ಎದುರು ಒಂದು ಒತ್ತುಗುಂಡಿ ಬರುತ್ತದೆ. ‘ಅಕ್ಕನನ್ನು ಮತ್ತೊಮ್ಮೆ ಕೇಳು.’ ಒತ್ತದೆ ಮುಂದೆ ಹೋಗಲೂಬಹುದು. ಹೋದರೆ ಬಂದರು ಕೈತಪ್ಪುತ್ತದೆ. ಒತ್ತಿದರೆ ರಾಣಿ ಬಾಯಿ ಬಿಡುತ್ತಾಳೆ, ರಾಜ ತಿರುಗಿ ಮಾತಾಡುತ್ತಾನೆ, ಇಬ್ಬರೂ ಅರ್ಧ ಸರಿ, ಅರ್ಧ ತಪ್ಪು. ಬರೆಯುತ್ತ ಅವಳಿಗೆ ಒಂದು ವಿಷಯ ಹೊಳೆಯಿತು. ಹುಟ್ಟಿದಾಗಿನಿಂದ ನೋಡಿದ ಅತ್ತೆಯನ್ನೇ ಅವಳು ರಾಣಿ ಮಾಡಿದ್ದಳು. ದೋಣಿ ನೀರಿಗಿಳಿಯುವ ಕಾಲದ, ‘ಆತು’ ಅನ್ನುವ ಅತ್ತೆಯನ್ನಷ್ಟೇ ಬರೆದು, ಮಳೆಗಾಲದ ಅತ್ತೆಯನ್ನು ಬಿಟ್ಟುಬಿಟ್ಟಿದ್ದಳು.

ತಿಂಗಳ ಕೊನೆಗೆ ಕೃಷ್ಣಾನಂದನ ಫೋನು ಬಂತು.

“ಏನ್ ಮಾಡಿದ್ರಿ ಸುಚಿತಾ? ಹುಡುಗೂರು ಮುಂದಕ್ಕ ಹೋಗವಲ್ರು. ಹಡಗ ತಿರುಗಿಸಿ ತಿರುಗಿಸಿ ರಾಣಿ ಕಡೆ ಬರಾಕಹತ್ಯಾರ, ಆಕಿ ಏನಂತಾಳ ಕೇಳೂಣು ಅಂತ. ಎರಡೂ ಸಿಂಹಾಸನ ಇರ್ಲ್ರಿ. ಮುಂದಿನ ಕಥೀನೂ ನೀವ ಬರೀರಿ.”

ಸುಚಿತಾ ಫೋನಿಟ್ಟು ಒಂದು ದೊಡ್ಡ ಉಸಿರು ಬಿಟ್ಟಳು. ಒಂದೂವರೆ ತಿಂಗಳಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಜಾರಿ ಬಚ್ಚಲ ನೀರಿಗೆ ಬಿದ್ದ ಹಾಗಾಯಿತು. ಓಡಿ ಹೋಗಿ ಅತ್ತೆಯನ್ನು ಹಿಂದಿನಿಂದ ತಬ್ಬಿಕೊಂಡಳು. “ಬಿಡು ಕೂಸೆ, ಎಂತ ಬಂತು ನಿಂಗೆ?” ಎಂದು ದೇವಿ ಬೈದಳು. ಬೈಗಳು ಎಷ್ಟು ಹಿತ ಎಂದು ಆ ಮನೆಯಲ್ಲಿ ಆಗ ಎಲ್ಲರಿಗೂ ಗೊತ್ತಾಗಿತ್ತು.

ನೂಲ ಹುಣ್ಣಿಮೆಯ ಬೆಳಗ್ಗೆ ಕಡಲಿಗೆ ಹೂವು, ಹಾಲು, ತೆಂಗಿನಕಾಯಿ ಒಪ್ಪಿಸಿ ಆಯಿತು. ಮಡಲು ಸರಿಸಿ ದೋಣಿಗೆ ಕುಂಕುಮ ಇಟ್ಟರು. ಇನ್ನು ಮುಂದಿನ ಜೂನ್ ತನಕ ಯಾರೂ ‘ಬೇಡ’ ಎನ್ನುವ ಹಾಗಿಲ್ಲ. ನೆರೆಯವರು ಕೈ ಜೋಡಿಸಿ ದೋಣಿ ನೂಕಿದರು. ನೀರಿನ ಅಂಚಿಗೆ ಬಂದಾಗ ಶಿವ, “ಒಂದ್ನಿಮಿಷ ತಡೀರಿ,” ಎಂದ. ತಿರುಗಿ, ಒಣಗಿದ ಮರಳಿನ ಮೇಲೆ ನಾಲ್ಕು ಹೆಜ್ಜೆ ನಡೆದು ಅಕ್ಕನ ಎದುರಿಗೆ ಬಂದು ನಿಂತ. ಆ ಮನೆಯ ಗಂಡಸರು ಯಾರೂ ಹಾಗೆ ತಿರುಗಿ ಬಂದದ್ದಿಲ್ಲ. ಈರಮ್ಮ ಕಣ್ಣು ಕಿರಿದು ಮಾಡಿ ನೋಡಿದಳು.

“ಅಕ್ಕಾ, ಕಾಲು ಇನ್ನೂ ಒದ್ದೆ ಆಗ್ಲಿಲ್ಲ. ಹೇಳೂದು ಎಂತಾದ್ರೂ ಉಳದದ್ಯಾ?”

ದೇವಿ ಯೋಚಿಸಿದಳು. ಬುಟ್ಟಿಯನ್ನು ಸೊಂಟದಿಂದ ಇಳಿಸಿ, ಅಡಿ ಮೇಲು ಮಾಡಿ ತಮ್ಮನಿಗೆ ತೋರಿಸಿದಳು.

“ಇದ್ರ ತಳ ಹೋಗ್ಯದೆ. ಹೊಸಾದು ಬೇಕು. ದೊಡ್ಡದು.”

“ಆತು,” ಎಂದ ಶಿವ, ಮತ್ತು ನೀರಿಗಿಳಿದ.